ಗುಡ್ಡದ ನೀರು, ಕಡಲಿನ ಮರಳು

ಕುಂಬಳೆಯ ಕಡಲ ಕಿನಾರೆಯಲ್ಲಿ ಮಕ್ಕಳು ಮರಳಿನ ಗುಡ್ಡೆ ಕಟ್ಟುವುದನ್ನು ಗಮನಿಸಿ. ಒಣ ಮರಳು ನಿಲ್ಲದೆ ಜಾರುತ್ತದೆ. ಸ್ವಲ್ಪ ಒದ್ದೆಯಾದರೆ ಗೋಡೆಯಂತೆ ನಿಲ್ಲುತ್ತದೆ. ಮೇಲಿನಿಂದ ಎರಡು ಚೊಂಬು ನೀರು ಸುರಿದರೆ ಗುಡ್ಡೆ ಕುಸಿದು ಹರಡುತ್ತದೆ. ತೆಳುವಾಗಿರುವಾಗ ಕಣಗಳನ್ನು ಹಿಡಿದಿಟ್ಟ ನೀರೇ ಸಂದುಗಳೆಲ್ಲ ತುಂಬಿದಾಗ ಅವುಗಳ ಹಿಡಿತವನ್ನು ಬಿಡಿಸುತ್ತದೆ.

ಗುಡ್ಡ ಜರಿಯುವುದೂ ಹೀಗೆಯೇ. ಕಾಸರಗೋಡಿನ ಗುಡ್ಡಗಳ ಮೇಲ್ಪದರ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ನೋಡಲು ಗಟ್ಟಿ, ಆದರೆ ಮೈತುಂಬ ತೂತು. ಅದರೊಳಗೆ ಇಳಿದ ಮಳೆನೀರು ಕೆಳಗಿನ ಶೇಡಿಮಣ್ಣೆಂಬ ನುಣುಪು ಜೇಡಿಯನ್ನು ಸುಲಭವಾಗಿ ದಾಟಲಾರದೆ ಅಲ್ಲೇ ಸೇರಿಕೊಳ್ಳುತ್ತದೆ. ಎಣ್ಮಕಜೆ, ಬಾಯಾರು ಕಡೆ ಸುರಂಗ ತೋಡುವವರು ಹುಡುಕುವುದು ಗುಡ್ಡದೊಳಗಿನ ಈ ನೀರನ್ನೇ. ಒಬ್ಬರೇ ನುಸುಳಿ ಹೋಗುವಷ್ಟು ಇಕ್ಕಟ್ಟಾದ ಆ ಕತ್ತಲೆಯಲ್ಲಿ ದೀಪ ಹಿಡಿದರೆ, ಗೋಡೆಯಿಂದ ಜಿನುಗಿದ ಹನಿಗಳು ನೆಲದ ಸಣ್ಣ ಕಣಿಯಲ್ಲಿ ಸೇರಿ ಹೊರಗೆ ಹರಿಯುವುದು ಕಾಣುತ್ತದೆ. ಜರಿಯುವ ಇಳಿಜಾರಿನೊಳಕ್ಕೆ ಎಂಜಿನಿಯರುಗಳು ತೂತು ಕೊರೆದ ಪೈಪುಗಳನ್ನು ಅಡ್ಡಲಾಗಿ ತೂರಿಸುತ್ತಾರಲ್ಲ, ಅದೂ ಇದೇ ಉಪಾಯ.

ಗುಡ್ಡದ ಬುಡವನ್ನು ನೆಟ್ಟಗೆ ಕಡಿದಾಗ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ, ಮರುವರ್ಷ ಅದೇ ತಿಂಗಳಲ್ಲಿ ನಮ್ಮ ಚೆರುವತ್ತೂರಿನ ವೀರಮಲೆಯಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿಯಿತು. ಕಡಿದ ಮೈಗೆ ಸಿಮೆಂಟು ಬಳಿದರೆ ಸಾಲದು, ಒಳಗಿನ ನೀರು ಹೊರಬರಲು ದಾರಿ ಬೇಕು. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ಇಂಗುಗುಂಡಿ ತೋಡುವುದನ್ನು ನಾನಂತೂ ಒಪ್ಪುವುದಿಲ್ಲ. ಬಯಲಿನಲ್ಲಿ ಅದು ಪುಣ್ಯದ ಕೆಲಸ, ಇಳಿಜಾರಿನ ನೆತ್ತಿಯಲ್ಲಿ ಅಪಾಯ.

ಗುಡ್ಡದಿಂದ ಸವೆದ ಮಣ್ಣು ಶಿರಿಯ, ಮೊಗ್ರಾಲ್ ಹೊಳೆಗಳಲ್ಲಿ ತೊಳೆದು ಮರಳಾಗಿ ಅಳಿವೆಗೆ ಬರುತ್ತದೆ. ಕಿನಾರೆಗೆ ಮರಳು ಒದಗುವ ಮುಖ್ಯ ದಾರಿಗಳಲ್ಲಿ ಇದೊಂದು. ಹೊಳೆಯಲ್ಲೇ ಅದನ್ನು ಲಾರಿಗೆ ತುಂಬಿಸಿದರೆ ಕಡಲತಡಿ ಬಡವಾಗುತ್ತದೆ.

ಜೂನ್‌ನ ಬಿರುಸಾದ ಅಲೆಗಳು ದಡದ ಮರಳನ್ನು ಎಳೆದೊಯ್ದು ನೀರಿನಡಿ ದಿಬ್ಬ ಮಾಡುತ್ತವೆ. ಆ ದಿಬ್ಬದ ಮೇಲೆಯೇ ಮುಂದಿನ ಅಲೆಗಳು ಒಡೆದು ಬಲ ಕಳೆದುಕೊಳ್ಳುತ್ತವೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದೇ ಮರಳನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತರುತ್ತವೆ. ಈ ಹೋಗಿಬರುವ ಜಾಗದಲ್ಲಿ ಕಲ್ಲಿನ ಗೋಡೆ ಕಟ್ಟಿದರೆ, ಬಡಿದ ಅಲೆ ಹಿಂದಿರುಗುವಾಗ ಬುಡವನ್ನೇ ಕೊರೆಯುತ್ತದೆ. ಕಲ್ಲಿನಡಿ ಮರಳು ಸೋಸಿ ಹೋಗದಂತೆ ಬಟ್ಟೆಯ ಹಾಸು ಇಲ್ಲದಿದ್ದರೆ ಟನ್ನುಗಟ್ಟಲೆ ತೂಕದ ಬಂಡೆಯೂ ಹೂತುಹೋಗುತ್ತದೆ.

ಮನೆ ಉರುಳುವ ಹಂತಕ್ಕೆ ಬಂದವರಿಗೆ ಗೋಡೆ ಬೇಡ ಎನ್ನುವ ಹಕ್ಕು ನನಗಿಲ್ಲ. ಆದರೆ ಇನ್ನೂ ಮರಳಿರುವ ಕಡೆ ಮನೆ, ರಸ್ತೆಗಳನ್ನು ದೂರದಲ್ಲಿಟ್ಟು, ಆಡಿನ ಗೊರಸಿನಂಥ ಎಲೆಯ ಅಡುಂಬು ಬಳ್ಳಿಯನ್ನು ಹಬ್ಬಲು ಬಿಡಬೇಕು. ಗಾಳಿಗೆ ಹಾರುವ ಮರಳನ್ನು ಅದು ತಡೆದು ದಿಬ್ಬವಾಗಿಸುತ್ತದೆ. ಗೋಡೆ ಬೇಕೇ ಬೇಕಾದಲ್ಲಿ ಅದರ ತುದಿ ಎಲ್ಲಿ ಎಂದು ಮೊದಲು ಕೇಳಬೇಕು. ಗೋಡೆ ಮುಗಿದಲ್ಲಿ ಕಡಲ್ಕೊರೆತ ಜೋರಾಗುತ್ತದೆ. ಕೊನೆಯ ಕಲ್ಲಿನ ಆಚೆಗೂ ಒಂದು ಮನೆ ಇರುತ್ತದೆ, ಅದರ ಅಂಗಳದಲ್ಲಿ ಬೇರು ಹೊರಬಿದ್ದು ವಾಲಿದ ತೆಂಗಿನಮರವೂ ಇರುತ್ತದೆ.