ಮಂಡಿಯೊಳಗಿರುವುದು ನಲ್ಲಿ ವಾಷರ್ ಅಲ್ಲ

ಪ್ರಶ್ನೆ: ಸರ್, ಮಂಡಿಯ ಮೃದ್ವಸ್ಥಿಯಲ್ಲಿರುವ (ಮೂಳೆಯ ತುದಿಗೆ ಹೊದ್ದಿರುವ ಕಾರ್ಟಿಲೇಜ್ ಪದರ) ಜೀವಕೋಶ ಎಷ್ಟು ಗಟ್ಟಿ ಇರುತ್ತೆ? ಕಣ್ಣಿಗೇ ಕಾಣದ್ದನ್ನು ಹೇಗೆ ಅಳೀತಾರೆ? ಮೈಭಾರವೆಲ್ಲ ಅದರ ಮೇಲೇ ಬೀಳುತ್ತಲ್ಲ, ರಬ್ಬರಿನಷ್ಟಾದರೂ ಗಟ್ಟಿ ಇರಬೇಕು ಅಲ್ವಾ?

ಇದಕ್ಕೆ ತರಗತಿಯಲ್ಲಿ ಉತ್ತರ ಹೇಳಿದ್ದೇನೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಹೇಳಿದ್ದೇನೆ. ಹೋದ ತಿಂಗಳು ಮಂಡ್ಯದ ಒಂದು ಮದುವೆಯಲ್ಲಿ ಎಲೆ ಮುಂದೆ ಕೂತೂ ಹೇಳಿದೆ, ಪಾಯಸ ಆರಿಹೋಯಿತು. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ಆ ರಬ್ಬರಿನ ಮಾತು ಮುಗಿಸೋಣ. ಮೃದ್ವಸ್ಥಿ ಅಂದರೆ ಎರಡು ಮೂಳೆಗಳ ನಡುವೆ ಕೂರಿಸಿದ ನಲ್ಲಿ ವಾಷರ್ ಅಂತ ಎಲ್ಲರ ತಲೆಯಲ್ಲೂ ಕೂತುಬಿಟ್ಟಿದೆ. ವಾಷರ್ ಗಟ್ಟಿ, ಹಾಗಾಗಿ ಒಳಗಿನ ಕೋಶವೂ ಗಟ್ಟಿ. ತಿರುಗಿಸಿದಷ್ಟೂ ವಾಷರ್ ಸವೆಯುತ್ತೆ, ಹಾಗಾಗಿ ನಡೆದಷ್ಟೂ ಮಂಡಿ ಸವೆಯುತ್ತೆ. ಎರಡೂ ತಪ್ಪು.

ದೊಡ್ಡವರ ಮೃದ್ವಸ್ಥಿಯಲ್ಲಿ ಕೋಶಗಳ ಪಾಲು ಗಾತ್ರದಲ್ಲಿ ಶೇಕಡ 2ರ ಆಸುಪಾಸು, ಅಷ್ಟೇ. ಮಿಕ್ಕಿದ್ದೆಲ್ಲ ಆ ಕೋಶಗಳೇ ನೇಯ್ದ ಬಲೆ ಮತ್ತು ನೀರು. ಮಂಡ್ಯದವರಿಗೆ ವಿವರಿಸಲು ನನಗೆ ಕಬ್ಬು ಸಾಕು. ಸಿಪ್ಪೆ ಸೀಳಿ ಒಂದು ತುಂಡು ಬಾಯಿಗಿಡಿ. ನಾರಿದೆ, ನಾರಿನ ಸಂದಿಯಲ್ಲಿ ರಸವಿದೆ. ಇಲ್ಲೂ ಹಾಗೇ: ಕೊಲಾಜೆನ್ ಅನ್ನುವ ಪ್ರೋಟೀನಿನ ನಾರು, ಅದರ ಸಂದಿಯಲ್ಲಿ ನೀರನ್ನು ಬಿಗಿಯಾಗಿ ಹಿಡಿದಿಡುವ ದೊಡ್ಡ ದೊಡ್ಡ ಅಣುಗಳು. ತೂಕದಲ್ಲಿ ಶೇಕಡ 65ರಿಂದ 80 ಬರೀ ನೀರು. ನೀವು ಧಡಕ್ಕನೆ ಕಾಲೂರಿದಾಗ ಆ ನೀರಿಗೆ ತಪ್ಪಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಆ ಕ್ಷಣದ ಭಾರದಲ್ಲಿ ಬಹುಪಾಲು ಹೊರುವುದು ನೀರೇ. ಭಾರ ಹಾಗೇ ಉಳಿದರೆ ನಿಧಾನಕ್ಕೆ ಜಿನುಗುತ್ತದೆ, ಕಾಲೆತ್ತಿದರೆ ವಾಪಸ್ ಹೀರಿಕೊಳ್ಳುತ್ತದೆ. ಯಾವ ವಾಷರ್ ಹೀಗೆ ಮಾಡುತ್ತೆ, ಹೇಳಿ.

ಮೃದ್ವಸ್ಥಿಯಲ್ಲಿ ರಕ್ತನಾಳ ಇಲ್ಲ. ಕೋಶಕ್ಕೆ ಊಟ ಸಿಗುವುದು ಹೆಚ್ಚಾಗಿ ಕೀಲಿನ ದ್ರವದಿಂದ. ಒತ್ತಿ ಬಿಟ್ಟಾಗ ಆಗುವ ಈ ಓಡಾಟ ಅದಕ್ಕೆ ನೆರವು. ಒತ್ತಡ ಬಿದ್ದದ್ದು ಕೋಶಕ್ಕೆ ಗೊತ್ತಾಗುತ್ತದೆ, ಅದಕ್ಕೆ ತಕ್ಕಂತೆ ಬಲೆಯನ್ನು ರಿಪೇರಿ ಮಾಡುತ್ತದೆ. ತಿಂಗಳುಗಟ್ಟಲೆ ಕಾಲಿನ ಮೇಲೆ ಭಾರವೇ ಬೀಳದಿದ್ದರೆ ಮೃದ್ವಸ್ಥಿ ತೆಳುವಾಗುತ್ತದೆ. ಶೆಡ್ಡಿನಲ್ಲಿ ಸುಮ್ನೆ ಇಟ್ಟ ಟೈರ್ ತೆಳುವಾದದ್ದನ್ನು ಯಾರಾದರೂ ನೋಡಿದ್ದೀರಾ? ಮಂಡಿ ಸವೆಯುವುದೇ ಇಲ್ಲ ಅಂತಲ್ಲ. ಪೆಟ್ಟು, ವಯಸ್ಸು, ಜಾಸ್ತಿ ತೂಕ, ಎಲ್ಲವೂ ಕೆಲಸ ಮಾಡುತ್ತವೆ. ಆದರೆ ಆರೋಗ್ಯವಾಗಿರುವ ಮಂಡಿಯನ್ನು ಉಳಿಸುತ್ತೇನೆ ಅಂತ ಚಾಮುಂಡಿ ಬೆಟ್ಟದ ಮೆಟ್ಟಿಲು ಬಿಟ್ಟು ಸೋಫಾ ಹಿಡಿದವರಿಗೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ.

ಈಗ ಅಳತೆ. ಕೋಶ ಸುಮಾರು 10ರಿಂದ 15 ಮೈಕ್ರೋಮೀಟರ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರೋಮೀಟರ್). ಅದಕ್ಕಿಂತ ಸಣ್ಣ ಬಾಯಿಯ ಗಾಜಿನ ನಳಿಗೆಯನ್ನು ಅದರ ಮೈಗೆ ತಾಗಿಸಿ ಮೆಲ್ಲಗೆ ಹೀರುತ್ತಾರೆ. ಹೀರಲು ಪಂಪೇ ಬೇಕಿಲ್ಲ. ನಳಿಗೆಗೆ ಜೋಡಿಸಿದ ನೀರಿನ ಮಟ್ಟವನ್ನು 1 ಸೆಂಟಿಮೀಟರ್ ಇಳಿಸಿದರೆ ಸುಮಾರು 98 ಪಾಸ್ಕಲ್ (ಒತ್ತಡದ ಅಳತೆ) ಸೆಳೆತ ಸಿಗುತ್ತದೆ. ಕೋಶದ ಒಂದು ಬದಿ ನಾಲಿಗೆಯ ಹಾಗೆ ಒಳಗೆ ಜಾರುತ್ತದೆ. ಎಷ್ಟು ಜಾರಿತು, ಎಷ್ಟು ಹೊತ್ತಿನಲ್ಲಿ ಜಾರಿತು ಅಂತ ಸೂಕ್ಷ್ಮದರ್ಶಕದ ಕ್ಯಾಮೆರಾದಲ್ಲಿ ಅಳೆಯುತ್ತಾರೆ. ಇನ್ನೊಂದು ದಾರಿ 1986ರಲ್ಲಿ ಬಂದ ಪರಮಾಣು ಬಲ ಸೂಕ್ಷ್ಮದರ್ಶಕ: ಬಾಗುವ ಸಣ್ಣ ಪಟ್ಟಿಯ ತುದಿಗೆ ಪುಟ್ಟ ಗುಂಡು ಅಂಟಿಸಿ ಕೋಶವನ್ನು ಒತ್ತುವುದು. ಲೆಕ್ಕಕ್ಕೆ ಜರ್ಮನ್ ಭೌತವಿಜ್ಞಾನಿ ಹರ್ಟ್ಸ್‌ನ 1882ರ ಸೂತ್ರ. ಆತ ಯೋಚಿಸುತ್ತಿದ್ದದ್ದು ಒಂದಕ್ಕೊಂದು ಒತ್ತಿದ ಗಾಜಿನ ಮಸೂರಗಳ ಬಗ್ಗೆ! ಇದನ್ನು ಹೇಳುವಾಗಲೆಲ್ಲ ನನಗೆ ಖುಷಿ.

ಗಟ್ಟಿತನವನ್ನೂ ಪಾಸ್ಕಲ್‌ನಲ್ಲೇ ಹೇಳುತ್ತಾರೆ. ಸಿಗುವ ಉತ್ತರ ಹೆಚ್ಚುಕಮ್ಮಿ ಅರ್ಧದಿಂದ 1 ಕಿಲೋಪಾಸ್ಕಲ್ (ಸಾವಿರ ಪಾಸ್ಕಲ್). ಗಿಣ್ಣು ನೆನಪಿಸಿಕೊಳ್ಳಿ, ಆ ಜಾತಿಯ ಮೆದು. ಸುತ್ತಲಿನ ಬಲೆ ಇದಕ್ಕಿಂತ ನೂರಾರು ಪಟ್ಟು ಗಟ್ಟಿ. ಕೋಶಕ್ಕೆ ಅಂಟಿಕೊಂಡೇ ಒಂದು ತೆಳು ಪದರ ಇದೆ, ಅದು ಎರಡರ ಮಧ್ಯೆ, ಹತ್ತಾರು ಕಿಲೋಪಾಸ್ಕಲ್. ಲೆಕ್ಕಕ್ಕೆ ಕೋಶವನ್ನು ಏನೆಂದುಕೊಳ್ಳುತ್ತೇವೆ ಅನ್ನುವುದು ಬದಲಾದರೆ ಅಂಕಿಯೂ ಬದಲಾಗುತ್ತೆ. ಕೋಶವನ್ನು ಬರೀ ಸ್ಪ್ರಿಂಗ್ ಅಂದುಕೊಂಡರೆ ಒಂದು, ನಿಧಾನಕ್ಕೆ ಹರಿಯುವ ವಸ್ತು ಅಂದುಕೊಂಡರೆ ಇನ್ನೊಂದು. ಇಡೀ ಮೃದ್ವಸ್ಥಿಗೆ ನಾರು ಮತ್ತು ನೀರು ಎರಡನ್ನೂ ಸೇರಿಸಿ ಲೆಕ್ಕ ಹಾಕುವ ಸಿದ್ಧಾಂತವನ್ನು 1980ರಲ್ಲಿ ವ್ಯಾನ್ ಮೌ ಅನ್ನುವ ಎಂಜಿನಿಯರ್ ಮತ್ತು ಸಂಗಡಿಗರು ಕೊಟ್ಟರು.

ಯಾರೂ ಕೇಳದ ಒಂದು ಸಂಗತಿ ಇದೆ. ಬೆನ್ನುಮೂಳೆಯ ಮಣಿಗಳ ನಡುವಿನ ಬಿಲ್ಲೆಗಳೂ ಇದೇ ರೀತಿ ನೀರು ಬಿಟ್ಟು ನೀರು ಹೀರುತ್ತವೆ. ದಿನವೆಲ್ಲ ನಿಂತು ಕೂತು ಸಂಜೆಗೆ ನಾವು ಒಂದೂವರೆ ಸೆಂಟಿಮೀಟರ್‌ನಷ್ಟು ಕುಳ್ಳಾಗಿರುತ್ತೇವೆ, ಮಲಗಿದರೆ ಮತ್ತೆ ಬೆಳೆಯುತ್ತೇವೆ. ನಮ್ಮ ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ನನ್ನ ಮಗಳ ಹೆಸರಿಗೆ ಎರಡು ಪೆನ್ಸಿಲ್ ಗೆರೆಗಳಿವೆ, ಒಂದು ಬೆಳಗಿನದು, ಒಂದು ರಾತ್ರಿಯದು. ಮೇಲಿನದೇ ತನ್ನ ನಿಜವಾದ ಎತ್ತರ ಅಂತ ಅವಳ ವಾದ.