ಆಕೃತಿಮಾ: ಇಂಗ್ಲಿಷ್ ಪದವನ್ನು ಎಲ್ಲಿ ಬಿಡಿಸಬೇಕು?

ಪದವೊಂದನ್ನು ಬಿಡಿಸುತ್ತ ಹೋದಾಗ, ಇನ್ನು ಒಡೆದರೆ ಅರ್ಥವೇ ಉಳಿಯದು ಎಂಬಲ್ಲಿ ಸಿಗುವ ಅತಿ ಚಿಕ್ಕ ಘಟಕವನ್ನು ಭಾಷಾವಿಜ್ಞಾನಿಗಳು ‘ಆಕೃತಿಮಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಮಾರ್ಫೀಮ್. ಪದದ ಉದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ಎಲಿಫೆಂಟ್’ ಇಡಿಯಾಗಿ ಒಂದೇ ಆಕೃತಿಮಾ. ‘ಬುಕ್ಸ್’ ಎಂಬ ಪುಟ್ಟ ಪದದಲ್ಲಿ ಎರಡಿವೆ.

ದಾವಣಗೆರೆ ಸೀಮೆಯವರಿಗೆ ಇದರ ಪರಿಚಯ ಊರಿನ ಹೆಸರಿನಿಂದಲೇ ಆಗಬಹುದು. ಹೆಸರಿನ ಮೊದಲರ್ಧದ ಬಗ್ಗೆ ಜನ ಬೇರೆ ಬೇರೆ ಕಥೆ ಹೇಳಿದರೂ ಕೊನೆಯ ‘ಗೆರೆ’ ಮಾತ್ರ ಕೆರೆಯೇ, ಎಳೆಯುವ ಗೆರೆಯಲ್ಲ; ಆದೇಶ ಸಂಧಿಯಿಂದ ಕಕಾರ ಗಕಾರವಾಗಿದೆ. ಪಕ್ಕದ ಹೊಳಲ್ಕೆರೆಯಲ್ಲಿ ಅದೇ ಕೆರೆ ಕೆರೆಯಾಗಿಯೇ ಉಳಿದಿದೆ. ರೂಪ ಎರಡು, ಆಕೃತಿಮಾ ಒಂದು.

ಇಂಗ್ಲಿಷ್ ಕೂಡ ಹೀಗೆಯೇ ನಡೆಯುತ್ತದೆ. ಬಹುವಚನದ ‘ಎಸ್’ ಬರವಣಿಗೆಯಲ್ಲಿ ಒಂದೇ ಆಗಿ ಕಂಡರೂ ‘ಕ್ಯಾಟ್’ ಮುಂದೆ ಸಕಾರವಾಗಿ, ‘ಡಾಗ್’ ಮುಂದೆ ಗಂಟಲು ಕಂಪಿಸುವ ಘೋಷಧ್ವನಿಯಾಗಿ (‘ಝ್’ ಎಂಬಂತೆ), ‘ಬಸ್’ ಮುಂದೆ ನಡುವೆ ಒಂದು ಸ್ವರವನ್ನೂ ಸೇರಿಸಿಕೊಂಡು ಕೇಳಿಸುತ್ತದೆ. ಇನ್ನೂ ಸ್ವಾರಸ್ಯದ್ದು ನಿಷೇಧಾರ್ಥದ ‘ಇನ್’. ಲ್ಯಾಟಿನ್ನಿನಿಂದ ಬಂದ ಈ ಉಪಸರ್ಗ ಮುಂದಿನ ವ್ಯಂಜನಕ್ಕೆ ಒಗ್ಗಿಕೊಂಡು ‘ಇಂಪಾಸಿಬಲ್’, ‘ಇಲ್ಲೀಗಲ್’, ‘ಇರ್ರೆಗ್ಯುಲರ್’ ಎಂದು ವೇಷ ಬದಲಿಸುತ್ತದೆ. ಇಂಗ್ಲಿಷಿನ ಸ್ವಂತದ್ದಾದ ‘ಅನ್’ ಮಾತ್ರ ಬರವಣಿಗೆಯಲ್ಲಿ ಜಗ್ಗುವುದಿಲ್ಲ, ‘ಅನ್‌ಲಕ್ಕಿ’ಯಲ್ಲಿಯೂ ಅದು ಅನ್ ಆಗಿಯೇ ನಿಲ್ಲುತ್ತದೆ.

ಇದಕ್ಕೆ ವಿರುದ್ಧವಾದ ತೊಡಕೂ ಉಂಟು. ‘ಟೀಚರ್’ ಪದದ ‘ಅರ್’ ಕೆಲಸ ಮಾಡುವವರನ್ನು ಸೂಚಿಸುತ್ತದೆ. ಧಾತುವಿಗೆ ಹತ್ತಿದ್ದರಿಂದ ನಮ್ಮ ವ್ಯಾಕರಣದ ಲೆಕ್ಕದಲ್ಲಿ ಅದು ಕೃತ್ ಪ್ರತ್ಯಯ, ನಾಮಪದಕ್ಕೆ ಹತ್ತುವ ‘ಬಳೆಗಾರ’ದ ‘ಗಾರ’ ತದ್ಧಿತ. ‘ಟಾಲರ್’ ಪದದ ‘ಅರ್’ ಹೋಲಿಕೆಯನ್ನು ಹೇಳುವ ಬೇರೆಯದೇ ಆಕೃತಿಮಾ. ‘ಕಾರ್ನರ್’ ಪದದಲ್ಲಿಯಂತೂ ಇಂದಿನ ಇಂಗ್ಲಿಷಿಗೆ ಅದು ಬರೀ ಸದ್ದು. ಹಾಗಾಗಿ ಕಿವಿಯೊಂದನ್ನೇ ನಂಬಿ ಪದ ಬಿಡಿಸಿದರೆ ಎಡವಟ್ಟಾಗುತ್ತದೆ.

ಇಂಗ್ಲಿಷ್ ಆಡುವವರೇ ಹೀಗೆ ಎಡವಿದ್ದುಂಟು. ‘ಹ್ಯಾಂಬರ್ಗರ್’ ಹುಟ್ಟಿದ್ದು ಜರ್ಮನಿಯ ಹ್ಯಾಂಬರ್ಗ್ ನಗರದ ಹೆಸರಿಗೆ ‘ಅರ್’ ಸೇರಿ. ‘ಹ್ಯಾಮ್’ ಎಂದರೆ ಹಂದಿಮಾಂಸ ಎಂಬ ಅರ್ಥವೂ ಇಂಗ್ಲಿಷಿನಲ್ಲಿ ಇದ್ದುದರಿಂದ ಜನ ಪದವನ್ನು ಹ್ಯಾಮ್, ಬರ್ಗರ್ ಎಂದು ಒಡೆದರು. ಉಳಿದ ಅರ್ಧ ಸ್ವತಂತ್ರ ಪದವಾಗಿ ‘ಚೀಸ್‌ಬರ್ಗರ್’ ಮುಂತಾದವುಗಳಿಗೆ ದಾರಿಯಾಯಿತು. ದಾವಣಗೆರೆಯ ಬೇಕರಿಯಲ್ಲಿ ಕೇಳುವ ವೆಜ್ ಬರ್ಗರ್ ಕೂಡ ಆ ತಪ್ಪಿನ ಸಂತಾನವೇ. ಅದರೊಳಗೆ ಅಡಗಿರುವ ‘ಬುರ್ಗ್’ ಜರ್ಮನ್ ಭಾಷೆಯಲ್ಲಿ ಕೋಟೆಯ ಹೆಸರು, ಅಂದರೆ ಚಿತ್ರದುರ್ಗದ ‘ದುರ್ಗ’.