ನಮ್ಮ ಬ್ರೌಸರನ್ನು ಆರಿಸಿದವರು ಯಾರು? ಕೋಲಾರದ ಸೈಬರ್ ಸೆಂಟರ್‌ನಿಂದ ಇಂದಿನ ಮೊಬೈಲ್‌ವರೆಗೆ

ಕೋಲಾರದ ಯಾವ ಜೆರಾಕ್ಸ್ ಅಂಗಡಿಗೆ ಹೋದರೂ ಕಂಪ್ಯೂಟರಿನಲ್ಲಿ ಬಹುತೇಕ ಗೂಗಲ್‌ನ ಕ್ರೋಮ್ ತೆರೆದಿರುತ್ತದೆ. ಜಾಲತಾಣಗಳನ್ನು ತೆರೆದು ತೋರಿಸುವ ಇಂಥ ತಂತ್ರಾಂಶವೇ ಬ್ರೌಸರ್. ಕಾಲೇಜು ಅರ್ಜಿ, ಸ್ಕಾಲರ್‌ಶಿಪ್, ಪಹಣಿ, ಎಲ್ಲಕ್ಕೂ ಅದೇ. ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಅದೇ. ನಾವೇನಾದರೂ ಅದನ್ನು ಆರಿಸಿಕೊಂಡೆವಾ? ಇಲ್ಲ. ಫೋನಿನ ಜೊತೆ ಬಂತು, ಹಾಗೇ ಉಳಿಯಿತು. ಶುರುವಿನಿಂದಲೂ ನಮ್ಮ ಕಡೆ ಯಾವ ಬ್ರೌಸರ್ ಇರಬೇಕು ಅಂತ ಬೇರೆಯವರೇ ತೀರ್ಮಾನಿಸಿದ್ದಾರೆ. ಅದರಿಂದ ಜಾಸ್ತಿ ಕಷ್ಟಪಟ್ಟವರು ಕನ್ನಡದಲ್ಲಿ ಓದುವವರು.

ಚಿತ್ರಗಳ ಸಮೇತ ಪುಟ ತೋರಿಸಿ ಜನಪ್ರಿಯವಾದ ಮೊದಲ ಬ್ರೌಸರ್ ಮೊಸಾಯಿಕ್, 1993ರಲ್ಲಿ ಬಂತು. ಮರುವರ್ಷ ನೆಟ್‌ಸ್ಕೇಪ್. 1995ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದಿತು. ಆಮೇಲೆ ಅದನ್ನು ವಿಂಡೋಸ್ ಜೊತೆಗೇ ಕೊಡತೊಡಗಿತು. ಪುಕ್ಕಟೆ ಸಿಗುವಾಗ ಬೇರೆಯದನ್ನು ಯಾರು ಹುಡುಕುತ್ತಾರೆ? ಇದು ಅನ್ಯಾಯದ ಪೈಪೋಟಿ ಅಂತ 1998ರಲ್ಲಿ ಅಮೆರಿಕದ ಸರ್ಕಾರ ಮೊಕದ್ದಮೆ ಹೂಡಿತು. ಆದರೆ ಅಷ್ಟರಲ್ಲಿ ನೆಟ್‌ಸ್ಕೇಪ್ ಸೊರಗಿತ್ತು. ಹೀಗಾಗಿ ನಮ್ಮ ಊರುಗಳಿಗೆ ಸೈಬರ್ ಸೆಂಟರ್ ಬರುವ ಹೊತ್ತಿಗೆ ಆ ಜಗಳವೇ ಮುಗಿದಿತ್ತು. ಪರದೆಯ ಮೇಲಿನ ಎಕ್ಸ್‌ಪ್ಲೋರರ್‌ನ ನೀಲಿ 'ಇ' ಅಂದರೇನೇ ಇಂಟರ್ನೆಟ್ ಅಂತ ಒಂದು ತಲೆಮಾರು ಕಲಿಯಿತು.

ಆಗ ಕನ್ನಡ ಓದುವುದು ಸುಲಭವಿರಲಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗವಿತ್ತು. ಆದರೂ ಕನ್ನಡದ ಬಹಳಷ್ಟು ಜಾಲತಾಣಗಳು ತಮ್ಮದೇ ಫಾಂಟ್ ಬಳಸುತ್ತಿದ್ದವು. ಪುಟದ ಜೊತೆ ಫಾಂಟನ್ನೂ ಕಳಿಸುವ ಮೈಕ್ರೋಸಾಫ್ಟ್‌ನ ಉಪಾಯವೊಂದಿತ್ತು. ಅದು ಕೆಲಸ ಮಾಡುತ್ತಿದ್ದದ್ದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ. ಬೇರೆ ಬ್ರೌಸರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇನ್ನು ಯೂನಿಕೋಡ್ ಕನ್ನಡ ಸರಿಯಾಗಿ ಕಾಣಬೇಕಾದರೆ ವಿಂಡೋಸ್ ಎಕ್ಸ್‌ಪಿಯ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು. ಅದಕ್ಕೆ ಸಾಮಾನ್ಯವಾಗಿ ವಿಂಡೋಸ್ ಸಿಡಿಯೂ ಬೇಕು. ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೂತವರು ಇದನ್ನೆಲ್ಲ ಮಾಡುವುದು ಆಗದ ಮಾತು. ಡಬ್ಬಿ ಡಬ್ಬಿಯಾಗಿ ಕಂಡ ಪುಟವನ್ನು ಮುಚ್ಚಿ ಎದ್ದು ಹೋಗುವುದೇ ದಾರಿ.

2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂತು. ನೆಟ್‌ಸ್ಕೇಪ್ ತನ್ನ ಕೋಡನ್ನು ಎಲ್ಲರಿಗೂ ತೆರೆದಿಟ್ಟಾಗ ಹುಟ್ಟಿದ ಮೊಜಿಲ್ಲಾ ಯೋಜನೆಯ ಫಲ ಅದು. ಆಡ್-ಆನ್ ಅನ್ನುವುದು ಜನರಿಗೆ ರೂಢಿಯಾದದ್ದು ಇದರಿಂದ. ಬ್ರೌಸರ್‌ನಲ್ಲಿ ಏನಾದರೂ ಕೊರತೆ ಇದ್ದರೆ ಯಾರು ಬೇಕಾದರೂ ಒಂದು ಚಿಕ್ಕ ತುಂಡು ಬರೆದು ಸೇರಿಸಬಹುದು. ನಮ್ಮ ಗಡಿನಾಡಿಗೆ ಹತ್ತಿರದ ಒಂದು ಉದಾಹರಣೆ ಹೇಳುತ್ತೇನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಮನೆಮಾತಾದವರು ಬಹಳ. ತೆಲುಗು ಪತ್ರಿಕೆಗಳ ಜಾಲತಾಣಗಳಿಗೂ ಇದೇ ಫಾಂಟಿನ ರೋಗವಿತ್ತು. ಆಗ 'ಪದ್ಮ' ಎಂಬ ಆಡ್-ಆನ್ ಬಂತು. ಪತ್ರಿಕೆಯ ಖಾಸಗಿ ಫಾಂಟಿನ ಅಕ್ಷರಗಳನ್ನು ಓದುತ್ತಿದ್ದಂತೆಯೇ ಯೂನಿಕೋಡ್‌ಗೆ ಬದಲಿಸುತ್ತಿತ್ತು. ಕಂಪನಿಗಳು ಮಾಡದ ಕೆಲಸವನ್ನು ಭಾಷೆಯ ಮೇಲೆ ಪ್ರೀತಿ ಇದ್ದವರು ಮಾಡಿದರು. ಆಡ್-ಆನ್ ಯಾಕೆ ಬೇಕು ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಬೆಂಗಳೂರಿನಲ್ಲೂ ಒಂದು ಪ್ರಯತ್ನ ನಡೆಯಿತು. 2010ರಲ್ಲಿ ಹಿಡನ್ ರಿಫ್ಲೆಕ್ಸ್ ಕಂಪನಿ 'ಎಪಿಕ್' ಅನ್ನು ಬಿಡುಗಡೆ ಮಾಡಿತು. ಫೈರ್‌ಫಾಕ್ಸ್‌ನ ಕೋಡಿನ ಮೇಲೆ ಕಟ್ಟಿದ ಈ ಬ್ರೌಸರ್‌ನಲ್ಲಿ ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಬಹುದಿತ್ತು. ಮುಂದೆ ಅದು ಖಾಸಗಿತನಕ್ಕೆ ಒತ್ತು ಕೊಡುವ ಬೇರೆಯೇ ಬ್ರೌಸರ್ ಆಯಿತು.

ಅಷ್ಟರಲ್ಲಿ, 2008ರ ಸೆಪ್ಟೆಂಬರ್‌ನಲ್ಲೇ ಕ್ರೋಮ್ ಬಂದಾಗಿತ್ತು. ವೇಗವಾಗಿತ್ತು, ಹಗುರವಾಗಿತ್ತು. ಗೆದ್ದದ್ದು ಸುಮ್ನೆ ಅಲ್ಲ. ಆದರೆ ಸರ್ಕಾರಿ ಪುಟಗಳ ಕಥೆಯೇ ಬೇರೆ. ಮೈಕ್ರೋಸಾಫ್ಟ್‌ನದೇ ತಂತ್ರಜ್ಞಾನವಾದ ಆಕ್ಟಿವ್‌ಎಕ್ಸ್ ನಂಬಿ ಕಟ್ಟಿದ ಪುಟಗಳಿಗೆ ಎಕ್ಸ್‌ಪ್ಲೋರರ್ ಬಿಟ್ಟರೆ ಗತಿ ಇರಲಿಲ್ಲ. ಡಿಜಿಟಲ್ ಸಹಿಯಂಥ ಕೆಲಸ ಮಾಡುವವರು ಹಳೇ ಬ್ರೌಸರನ್ನು ಬಿಡುವಂತಿರಲಿಲ್ಲ. ಎಕ್ಸ್‌ಪ್ಲೋರರ್‌ಗೆ ಮೈಕ್ರೋಸಾಫ್ಟ್ ವಿದಾಯ ಹೇಳಿದ್ದು 2022ರ ಜೂನ್ 15ರಂದು. ಹಳೇ ಪುಟಗಳಿಗೆಂದೇ ತಮ್ಮ ಹೊಸ ಬ್ರೌಸರ್ ಎಡ್ಜ್ ಒಳಗೆ ಅದರ ರೂಪವೊಂದನ್ನು ಇನ್ನೂ ಉಳಿಸಿಕೊಂಡಿದ್ದಾರೆ.

ಮೊಬೈಲ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಕೀಪ್ಯಾಡ್ ಫೋನಿನ ಕಾಲದಲ್ಲಿ ಒಪೆರಾ ಮಿನಿ ಇತ್ತು. ಪುಟವನ್ನು ತನ್ನ ಸರ್ವರ್‌ನಲ್ಲೇ ಕುಗ್ಗಿಸಿ ಕಳಿಸುತ್ತಿದ್ದರಿಂದ ಡೇಟಾ ಕಡಿಮೆ ಸಾಕಾಗುತ್ತಿತ್ತು. ಕನ್ನಡ ಮಾತ್ರ ಕಾಣುತ್ತಿರಲಿಲ್ಲ. ಆಗ ಹುಡುಗರು ಒಬ್ಬರಿಂದೊಬ್ಬರು ಕಲಿತ ಉಪಾಯವೊಂದಿತ್ತು. ವಿಳಾಸದ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಕೆಳಗೆ ಹೋಗಿ ಬಿಟ್‌ಮ್ಯಾಪ್ ಫಾಂಟ್ ಎದುರು 'ಯೆಸ್' ಕೊಡಬೇಕು. ಆಮೇಲೆ ಸರ್ವರ್ ಅಕ್ಷರಗಳನ್ನು ಚಿತ್ರವಾಗಿ ಕಳಿಸುತ್ತಿತ್ತು. ಪುಟ ನಿಧಾನವಾಗುತ್ತಿತ್ತು, ಆದರೆ ಕನ್ನಡ ಕಾಣುತ್ತಿತ್ತು! ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಬಂದದ್ದು 2012ರ 4.1 ಆವೃತ್ತಿಯಲ್ಲಿ. ಡೇಟಾ ಉಳಿಸುತ್ತದೆ ಅಂತ ಬಹಳ ಜನ ಬಳಸುತ್ತಿದ್ದ ಯುಸಿ ಬ್ರೌಸರ್ 2020ರ ಜೂನ್‌ನಲ್ಲಿ ನಿಷೇಧವಾಯಿತು. ಅಷ್ಟರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗಿತ್ತು. ಉಳಿದದ್ದು ಫೋನಿನಲ್ಲೇ ಇದ್ದ ಕ್ರೋಮ್.

ಈಗಿನ ಜಗಳ ಜಾಹೀರಾತಿನದು. ಟೊಮೆಟೊ ರೇಟು ನೋಡಲು ಒಂದು ಪುಟ ತೆರೆದರೆ ಸುದ್ದಿಗಿಂತ ಜಾಹೀರಾತೇ ಜಾಸ್ತಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ 'ಡೌನ್‌ಲೋಡ್' ಅಂತ ಬರೆದ ಸುಳ್ಳು ಗುಂಡಿಗಳನ್ನು ಮಕ್ಕಳು ಒತ್ತುತ್ತಾರೆ. ಇದನ್ನು ತಡೆಯಲು ಇರುವ ಆಡ್-ಆನ್‌ಗಳಲ್ಲಿ ನನ್ನ ಆಯ್ಕೆ ಯುಬ್ಲಾಕ್ ಆರಿಜಿನ್. 2014ರಿಂದ ಇದೆ, ಪುಕ್ಕಟೆ, ದೇಣಿಗೆಯನ್ನೂ ಕೇಳುವುದಿಲ್ಲ. ಆದರೆ ಗೂಗಲ್ ತನ್ನ ಆಡ್-ಆನ್ ನಿಯಮಗಳನ್ನು ಬದಲಿಸಿತು. ಹೊಸ ನಿಯಮಗಳಿಗೆ ಮ್ಯಾನಿಫೆಸ್ಟ್ ವಿ3 ಅಂತ ಹೆಸರು. 2024ರಿಂದ ಶುರುವಾಗಿ 2025ರ ಹೊತ್ತಿಗೆ ಕ್ರೋಮ್‌ನಲ್ಲಿ ಯುಬ್ಲಾಕ್‌ನ ಪೂರ್ಣ ರೂಪ ನಿಂತುಹೋಯಿತು. ಶಕ್ತಿ ಕಡಿಮೆ ಇರುವ 'ಲೈಟ್' ರೂಪ ಮಾತ್ರ ಸಿಗುತ್ತದೆ. ಸುರಕ್ಷತೆಗಾಗಿ ಈ ಬದಲಾವಣೆ ಅಂತ ಗೂಗಲ್ ಹೇಳುತ್ತದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಜಾಹೀರಾತಿನಿಂದಲೇ ದುಡಿಯುವ ಕಂಪನಿಯ ಕೈಯಲ್ಲಿ ಜಾಹೀರಾತು ತಡೆಯುವ ನಿಯಮವೂ ಇರುವುದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಹಾಗಾಗಿ ನನ್ನ ಫೋನಿನಲ್ಲಿ ಫೈರ್‌ಫಾಕ್ಸ್ ಇದೆ. ಆಂಡ್ರಾಯ್ಡ್‌ನಲ್ಲೂ ಅದಕ್ಕೆ ಯುಬ್ಲಾಕ್ ಹಾಕಬಹುದು. ಫೋನಿನ ಕ್ರೋಮ್‌ನಲ್ಲಿ ಆ ಅವಕಾಶವಿಲ್ಲ. ಮೊಜಿಲ್ಲಾಗೆ ಬರುವ ದುಡ್ಡಿನ ದೊಡ್ಡ ಪಾಲು ಗೂಗಲ್ ಹುಡುಕಾಟದ ಒಪ್ಪಂದದಿಂದಲೇ ಬರುತ್ತದೆ, ಅದೂ ಗೊತ್ತಿರಲಿ. ಕಣ್ಣು ಮಂಜಾದ ಹಿರಿಯರು ಮನೆಯಲ್ಲಿದ್ದರೆ ಕಂಪ್ಯೂಟರಿನಲ್ಲಿ ಎಡ್ಜ್ ಒಳ್ಳೆಯದು. ಕನ್ನಡ ಪುಟವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಕ್ರೋಮ್ ಬಿಡಲಾಗದವರು ಕಂಪ್ಯೂಟರಿನಲ್ಲಿ ಯುಬ್ಲಾಕ್ ಲೈಟ್ ಹಾಕಿಕೊಳ್ಳಿ. ಕನ್ನಡ ಟೈಪ್ ಮಾಡಲು ಗೂಗಲ್ ಇನ್‌ಪುಟ್ ಟೂಲ್ಸ್ ಇದೆ.

ಸಿಕ್ಕಿದ್ದನ್ನೆಲ್ಲ ಹಾಕಿಕೊಳ್ಳಬೇಡಿ. ಎಲ್ಲ ಪುಟಗಳನ್ನೂ ಓದುವ ಅನುಮತಿ ಪಡೆದ ಆಡ್-ಆನ್ ನಿಮ್ಮ ಬ್ಯಾಂಕ್ ಪುಟವನ್ನೂ ಓದಬಲ್ಲದು. 'ದಿ ಗ್ರೇಟ್ ಸಸ್ಪೆಂಡರ್' ಅಂತ ಒಂದಿತ್ತು, ಲಕ್ಷಾಂತರ ಜನ ನಂಬಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಹೋಯಿತು. ಅದರೊಳಗೆ ಅಪಾಯದ ಕೋಡ್ ಇದೆ ಅಂತ 2021ರ ಫೆಬ್ರವರಿಯಲ್ಲಿ ಗೂಗಲ್ಲೇ ಅದನ್ನು ತೆಗೆದುಹಾಕಿತು. ತಿಂಗಳಿಗೊಮ್ಮೆಯಾದರೂ ಆಡ್-ಆನ್ ಪಟ್ಟಿ ತೆರೆದು ಬಳಸದೇ ಇರುವುದನ್ನು ತೆಗೆಯಿರಿ. ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಸುವುದಾದರೆ ಖಾಸಗಿ ವಿಂಡೋ (ಕ್ರೋಮ್‌ನಲ್ಲಿ 'ಇನ್‌ಕಾಗ್ನಿಟೊ') ತೆರೆಯಲು ಹೇಳಿ. ಪಾಸ್‌ವರ್ಡ್ ಉಳಿಸಲೇ ಅಂತ ಬ್ರೌಸರ್ ಕೇಳಿದರೆ ಬೇಡ ಅನ್ನಿ.